ದುಡಿಮೆಯ ಸ್ಥಳದಲ್ಲಿ ಮಾತಿನ ಅಡಚಣೆಗಳು ಮತ್ತು ಅವುಗಳ ನಿವಾರಣೆ

ಪಾಠದ ಉದ್ದೇಶ

ದುಡಿಮೆಯ ಸ್ಥಳದಲ್ಲಿ ಹೇಳಬೇಕಾದುದನ್ನು ಹೇಳಲು, ಕೇಳಬೇಕಾದುದನ್ನು ಕೇಳಲು ಅಡ್ಡಬರುವ ಕಾರಣಗಳಾವುವು, ಪತಿಪತ್ನಿಯರು ಕೂಡಿ ಅವುಗಳನ್ನು ಹೇಗೆ ನಿವಾರಿಸಿಕೊಳ್ಳಬಹುದು, ಇದರಿಂದ ತಾಯಿಯ ಮತ್ತು ಮಗುವಿನ ಆರೋಗ್ಯಕ್ಕೆ ಆಗುವ ಪ್ರಯೋಜನವೇನು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ಪೀಠಿಕೆ

ಸಂಸಾರದ ಸುಖವನ್ನು ಕುರಿತು ಯೋಚಿಸುವಾಗ ನಾವು ಸಾಮಾನ್ಯವಾಗಿ ಮನೆ, ಮಕ್ಕಳು, ಆಹಾರ, ಆಸ್ಪತ್ರೆ ಇವುಗಳನ್ನು ಮಾತ್ರ ನೆನೆಯುತ್ತೇವೆ. ಆದರೆ ದುಡಿಯುವ ದಂಪತಿಗಳು ಎಚ್ಚರವಾಗಿರುವ ಹೊತ್ತಿನ ಬಹುಭಾಗವನ್ನು ಕಳೆಯುವುದು ದುಡಿಮೆಯ ಸ್ಥಳದಲ್ಲಿ. ಗರ್ಭಿಣಿಗೆ ಕುಳಿತು ಕೆಲಸ ಮಾಡುವ ಅನುಕೂಲ ದೊರೆಯುವುದೋ ಇಲ್ಲವೋ, ತಪಾಸಣೆಗೆ ಹೋಗಲು ಅರ್ಧ ದಿನ ರಜೆ ಸಿಗುವುದೋ ಇಲ್ಲವೋ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ವಿಶ್ರಾಂತಿ ಲಭಿಸುವುದೋ ಇಲ್ಲವೋ, ಇವೆಲ್ಲವೂ ಅನೇಕ ವೇಳೆ ಅಲ್ಲಿ ಆಡುವ ಒಂದೆರಡು ಮಾತುಗಳನ್ನು ಅವಲಂಬಿಸಿರುತ್ತವೆ. ಆ ಮಾತು ಬಾಯಿಂದ ಹೊರಡದಿದ್ದರೆ ಕಾನೂನು ಪುಸ್ತಕದಲ್ಲಿಯೇ ಉಳಿಯುತ್ತದೆ. ನೋವು ಮೈಯಲ್ಲಿಯೇ ಉಳಿಯುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಆರೋಗ್ಯವನ್ನೂ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಮಾತು ಬಲ್ಲವನಿಗೆ ರೋಗವೂ ಕಡಿಮೆ ಎಂಬುದನ್ನು ಈ ಪಾಠದಲ್ಲಿ ಕಾಣಬಹುದು.

ಪಶ್ಚಿಮ ಬೆಂಗಳೂರಿನ ನಿದರ್ಶನ

ಬೆಂಗಳೂರು ನಗರದ ಪಶ್ಚಿಮ ಭಾಗದಲ್ಲಿ ವಿಜಯನಗರ, ಅತ್ತಿಗುಪ್ಪೆ, ನಾಗರಬಾವಿಗಳಿಗೆ ಹೊಂದಿಕೊಂಡು ಚಂದ್ರಾ ಲೇಔಟ್ ಎಂಬ ಬಡಾವಣೆಯಿದೆ. ಅದರ ದಕ್ಷಿಣಕ್ಕೆ ಮೈಸೂರು ರಸ್ತೆ. ಈ ರಸ್ತೆಯುದ್ದಕ್ಕೂ ಸಿದ್ಧ ಉಡುಪಿನ ಕಾರ್ಖಾನೆಗಳೂ ಇತರ ಕೈಗಾರಿಕೆಗಳೂ ಬೆಳೆದಿವೆ. ರಾಮನಗರ, ಚನ್ನಪಟ್ಟಣ, ಮದ್ದೂರು ಮೊದಲಾದ ಕಡೆಯ ಹಳ್ಳಿಗಳಿಂದ ಅನೇಕ ಹೆಣ್ಣುಮಕ್ಕಳು ನಸುಕಿನಲ್ಲಿಯೇ ಎದ್ದು, ಅಡಿಗೆ ಮುಗಿಸಿ, ಬಸ್ಸು ಅಥವಾ ರೈಲು ಹಿಡಿದು ಈ ಕಡೆಗೆ ಕೆಲಸಕ್ಕೆ ಬರುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಗಳಿಂದ ದಂಪತಿಗಳು ಮಕ್ಕಳೊಡನೆ ಬಂದು ಕಟ್ಟಡದ ಕೆಲಸದಲ್ಲಿ ತೊಡಗುತ್ತಾರೆ. ಇನ್ನು ಕೆಲವರು ಬಡಾವಣೆಯ ಮನೆಗಳಲ್ಲಿ ಪಾತ್ರೆ, ಬಟ್ಟೆ, ಕಸಮುಸುರೆಯ ಕೆಲಸ ಮಾಡುತ್ತಾರೆ.

ಹೀಗೆ ಹಳ್ಳಿಯ ಸಂಸಾರವೊಂದು ನಗರದ ದುಡಿಮೆಯೊಡನೆ ಸೇರುವ ಎಡೆಗಳಲ್ಲಿ ಈ ಪ್ರದೇಶವೂ ಒಂದು. ಇಲ್ಲಿ ಕನ್ನಡದ ಜೊತೆಗೆ ಉರ್ದು, ತಮಿಳು, ತೆಲುಗು, ಹಿಂದಿ ಮಾತುಗಳು ಕಿವಿಗೆ ಬೀಳುತ್ತವೆ. ಹಳ್ಳಿಯಲ್ಲಿ ಹೆಸರು ಹಿಡಿದು ಕರೆಯುವ ನೆರೆಯವರ ನಡುವೆ ಬೆಳೆದವರು ಇಲ್ಲಿ ಅಪರಿಚಿತ ಮೇಲಧಿಕಾರಿಯ ಮುಂದೆ ನಿಂತು ಮಾತನಾಡಬೇಕಾಗುತ್ತದೆ. ಆದುದರಿಂದ ಮಾತಿನ ಅಡಚಣೆಗಳನ್ನು ತಿಳಿಯಲು ಇದು ತಕ್ಕ ನಿದರ್ಶನ.

ಅಡಚಣೆಗಳು ಯಾವುವು?

1. ಭಯ. ಹೊಲಿಗೆಯ ಸಾಲಿನಲ್ಲಿ ಕುಳಿತ ಟೈಲರ್‌ಗೆ ಸೂಪರ್‌ವೈಸರ್ ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ನಿಗದಿ ಮಾಡುತ್ತಾನೆ. ಅವನಿಗೂ ಮೇಲಿನವರು ಅಂಥದೇ ಗುರಿ ನಿಗದಿ ಮಾಡಿರುತ್ತಾರೆ. ಮೇಲಿನಿಂದ ಕೆಳಕ್ಕೆ ಆಜ್ಞೆ ಸುಲಭವಾಗಿ ಇಳಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಕಷ್ಟ ಏರುವುದಿಲ್ಲ. "ಕೇಳಿದರೆ ಕೆಲಸದಿಂದ ತೆಗೆದಾರು" ಎಂಬ ಅಂಜಿಕೆಯಿಂದ ಅವಳು ಸುಮ್ಮನಾಗುತ್ತಾಳೆ. ಮೌನ ಸಮ್ಮತಿಯ ಲಕ್ಷಣವೆಂದು ಅವನು ತಿಳಿಯುತ್ತಾನೆ. ವಾಸ್ತವದಲ್ಲಿ ಅದು ಸಮ್ಮತಿಯಲ್ಲ, ಹೆದರಿಕೆ. ಈ ತಪ್ಪು ತಿಳಿವಳಿಕೆಯೇ ಎಲ್ಲ ಅಡಚಣೆಗಳ ಮೂಲ.

2. ಸದ್ದು ಮತ್ತು ಅವಸರ. ನೂರಾರು ಯಂತ್ರಗಳು ಒಟ್ಟಿಗೆ ಓಡುವಾಗ ಅರ್ಧ ಮಾತು ಕೇಳಿಸುತ್ತದೆ, ಅರ್ಧ ಕೇಳಿಸುವುದಿಲ್ಲ. ಕೇಳಿಸದಿದ್ದರೂ ತಲೆಯಾಡಿಸುವುದು ವಾಡಿಕೆ. ಸಂಜೆ ಕೆಲಸ ಕೆಟ್ಟ ಮೇಲೆ ಇಬ್ಬರೂ ಪರಸ್ಪರರನ್ನು ದೂರುತ್ತಾರೆ.

3. ಭಾಷೆ. ಬೇರೆ ಭಾಷೆಯವರ ನಡುವೆ ತೊಡಕು ಸಹಜ. ಒಂದೇ ಭಾಷೆಯವರಲ್ಲಿಯೂ ತೊಡಕುಂಟು. ಉತ್ತರದ ಜಿಲ್ಲೆಯವರು "ಗದ್ದಲ" ಎಂದರೆ ಜನಸಂದಣಿ. ಬೆಂಗಳೂರಿನವರು ಅದನ್ನು ಸದ್ದು ಎಂದು ತಿಳಿಯುತ್ತಾರೆ. ಕಟ್ಟಡದ ಸಾರುವೆಯ ಮೇಲೆ ನಿಂತವನಿಗೆ ಹೇಳುವ ಎಚ್ಚರಿಕೆಯ ಮಾತಿನಲ್ಲಿ ಇಂಥ ವ್ಯತ್ಯಾಸ ಉಂಟಾದರೆ ಅಪಾಯವಾದೀತು.

4. ಸಂಕೋಚ. ಮುಟ್ಟು, ಬಸಿರು, ಬಿಳಿಸೆರಗು, ಮೂತ್ರದ ಉರಿ, ಸಂತಾನಶಕ್ತಿಹರಣ ಚಿಕಿತ್ಸೆ ಇವುಗಳನ್ನು ಗಂಡಸಾದ ಮೇಲ್ವಿಚಾರಕನ ಮುಂದೆ ಹೇಗೆ ಹೇಳುವುದು ಎಂದು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. "ಸ್ವಲ್ಪ ಹುಷಾರಿಲ್ಲ" ಎಂದಷ್ಟೇ ಹೇಳಿ ನಿಲ್ಲುತ್ತಾರೆ. ಆ ಮಾತಿನಿಂದ ಕೇಳುವವನಿಗೆ ಏನೂ ತಿಳಿಯುವುದಿಲ್ಲ.

5. ಓದುಬರಹದ ಕೊರತೆ. ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುವುದು ಸಾಮಾನ್ಯವಾಗಿದೆ. ಕಾಗದದಲ್ಲಿ ಇರುವುದು ರಜೆಯ ಅರ್ಜಿಯೋ ರಾಜೀನಾಮೆಯೋ ಎಂಬುದನ್ನು ಕೇಳಿ ತಿಳಿಯದೆ ಸಹಿ ಮಾಡುವುದು ಸರ್ವಥಾ ಸಲ್ಲದು.

6. ಗಾಳಿಮಾತು. ತಿಳಿದವರು ತಿಳಿಯಹೇಳದಿದ್ದಾಗ ವದಂತಿ ಆ ಸ್ಥಾನವನ್ನು ತುಂಬುತ್ತದೆ.

ಇಡೀ ನಗರ ಕಂಡ ಒಂದು ಪಾಠ

ಹೇಳುವ ದಾರಿಯೂ ಕೇಳುವ ಕಿವಿಯೂ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ಬೆಂಗಳೂರು 2016ರಲ್ಲಿ ಕಂಡಿತು. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭವಿಷ್ಯ ನಿಧಿಯ ನಿಯಮವನ್ನು ಬದಲಾಯಿಸಿತು. ಕೆಲಸ ಬಿಟ್ಟವರು ತಮ್ಮ ಪಾಲಿನ ಹಣವನ್ನು ಪಡೆಯಬಹುದು, ಆದರೆ ಮಾಲೀಕರ ಪಾಲಿನ ಹಣ 58 ವರ್ಷ ತುಂಬುವವರೆಗೆ ದೊರೆಯದು ಎಂಬುದು ಹೊಸ ನಿಯಮ. ಸಿದ್ಧ ಉಡುಪಿನ ಕೆಲಸಗಾರರಲ್ಲಿ ಬಹುಪಾಲು ಮಹಿಳೆಯರು. ಮಗಳ ಮದುವೆ, ಮಗನ ಶಾಲೆ, ಊರಿನ ಸಾಲ, ಕಾಯಿಲೆ ಕಸಾಲೆ ಇವುಗಳಿಗೆಲ್ಲ ಅವರು ನಂಬಿದ್ದುದು ಈ ಹಣವನ್ನು. ಅವರನ್ನು ಯಾರೂ ಮೊದಲು ಕೇಳಿರಲಿಲ್ಲ. ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯ ಬೊಮ್ಮನಹಳ್ಳಿ ಮತ್ತು ನಗರದ ಇತರ ಭಾಗಗಳಲ್ಲಿ ಸಹಸ್ರಾರು ಕಾರ್ಮಿಕರು ರಸ್ತೆಗಿಳಿದರು. ಸಂಚಾರ ನಿಂತಿತು, ಕಲ್ಲು ತೂರಾಟ, ಲಾಠಿ ಪ್ರಹಾರಗಳೂ ನಡೆದವು. 19ರಂದೇ ಸರ್ಕಾರವು ಆ ಬದಲಾವಣೆಯನ್ನು ಹಿಂತೆಗೆದುಕೊಂಡಿತು.

ಅವರ ಬೇಡಿಕೆ ನ್ಯಾಯವಾದುದೆಂದು ಎರಡು ದಿನಗಳಲ್ಲಿ ಒಪ್ಪಿದವರು ಅದನ್ನು ಎರಡು ತಿಂಗಳ ಹಿಂದೆಯೇ ಕೇಳಬಹುದಾಗಿತ್ತು. ಕೇಳುವ ಕಿವಿ ಇದ್ದಿದ್ದರೆ ಆ ಎರಡು ದಿನಗಳ ಪೆಟ್ಟು ಯಾರಿಗೂ ಬೀಳುತ್ತಿರಲಿಲ್ಲ. ನಗರಕ್ಕೆ ಅನ್ವಯಿಸುವ ಈ ಮಾತು ಒಂದು ಹೊಲಿಗೆಯ ಸಾಲಿಗೂ, ಒಂದು ಗಾರೆ ಕೆಲಸದ ತಂಡಕ್ಕೂ, ಒಂದು ಸಂಸಾರಕ್ಕೂ ಅನ್ವಯಿಸುತ್ತದೆ.

ಮೌನಕ್ಕೆ ದೇಹ ತೆರುವ ಬೆಲೆ

ಶೌಚಾಲಯಕ್ಕೆ ಹೋಗಲು ಅನುಮತಿ ಕೇಳಬೇಕಾಗುತ್ತದೆಂದು ಅನೇಕ ಕೆಲಸಗಾರ್ತಿಯರು ದಿನವಿಡೀ ನೀರನ್ನೇ ಕುಡಿಯುವುದಿಲ್ಲ. ಮೂತ್ರವನ್ನು ತಡೆಹಿಡಿಯುತ್ತಾರೆ. ಇದರಿಂದ ಮೂತ್ರನಾಳದ ಸೋಂಕು ಉಂಟಾಗುವ ಸಂಭವ ಹೆಚ್ಚು. ಗರ್ಭಿಣಿಯಲ್ಲಿ ಈ ಸೋಂಕಿಗೆ ಚಿಕಿತ್ಸೆ ದೊರೆಯದಿದ್ದರೆ ಅದು ಮೂತ್ರಪಿಂಡಗಳಿಗೆ ಹರಡಬಹುದು. ಅವಧಿಗೆ ಮುನ್ನವೇ ಹೆರಿಗೆಯಾಗಬಹುದು. ಮಗುವಿನ ತೂಕ ಕಡಿಮೆಯಾಗಬಹುದು. ಒಂದು ಮಾತು ಕೇಳಲು ಅಂಜಿದುದರ ಬೆಲೆಯನ್ನು ಹುಟ್ಟಲಿರುವ ಮಗು ತೆರುತ್ತದೆ.

ರಕ್ತಹೀನತೆಯ ವಿಷಯವೂ ಹೀಗೆಯೇ. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಮಾತ್ರೆ ಸೇವಿಸಬೇಕು; ಬಾಣಂತನದಲ್ಲಿಯೂ ಅಷ್ಟೇ ದಿನ ಮುಂದುವರಿಸಬೇಕು. ಅದನ್ನು ಚಹಾ, ಕಾಫಿಗಳೊಡನೆ ಸೇವಿಸಬಾರದು. ಮಾತ್ರೆಯಿಂದ ಹೊಟ್ಟೆ ತೊಳಸಿದರೆ ಅದನ್ನು ಆರೋಗ್ಯ ಸಹಾಯಕಿಗೆ ತಿಳಿಸದೆ ಮಾತ್ರೆಯನ್ನೇ ಬಿಟ್ಟುಬಿಡುವವರು ಬಹಳ. ತಿಳಿಸಿದರೆ ಊಟದ ಬಳಿಕ, ಇಲ್ಲವೆ ಮಲಗುವ ಮುನ್ನ ಸೇವಿಸುವ ಕ್ರಮವನ್ನು ಅವರು ಹೇಳಿಕೊಡುತ್ತಾರೆ.

ಈ ಕೆಳಗಿನ ಲಕ್ಷಣಗಳು ಕಂಡರೆ ಟಾರ್ಗೆಟ್, ಸಂಬಳ, ಸಂಕೋಚ ಯಾವುದನ್ನೂ ಲೆಕ್ಕಿಸದೆ ಒಡನೆಯೇ ಹೇಳಿ ಕೆಲಸ ನಿಲ್ಲಿಸಬೇಕು: ರಕ್ತಸ್ರಾವ, ನೀರು ಒಡೆಯುವುದು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಊತ, ಮಗುವಿನ ಚಲನೆ ಕಡಿಮೆಯಾಗುವುದು, ಫಿಟ್ಸ್. ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬೇಕು.

ಕೇಳಿ ಪಡೆಯಬೇಕಾದ ಸೌಲಭ್ಯಗಳು

ಅಳದ ಮಗುವಿಗೆ ಹಾಲಿಲ್ಲವೆಂಬ ಗಾದೆ ಕಾನೂನಿನ ವಿಷಯದಲ್ಲಿಯೂ ಸತ್ಯ. ಹೆರಿಗೆ ಸೌಲಭ್ಯದ ಕಾಯಿದೆ 1961ರಷ್ಟು ಹಿಂದಿನದು. 2017ರಲ್ಲಿ ತಿದ್ದುಪಡಿಯಾಗಿ 12 ವಾರಗಳ ರಜೆ 26 ವಾರಗಳಿಗೆ ಏರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಮೇಲೆಯೂ ಈ ಸೌಲಭ್ಯಗಳು ಮುಂದುವರಿದಿವೆ. ಇವುಗಳಲ್ಲಿ ಮುಖ್ಯವಾದವು:

ಅ) ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದ ಕಾರ್ಖಾನೆಯ ಮಹಿಳೆಗೆ, ಜೀವಂತ ಮಕ್ಕಳು ಇಬ್ಬರಿಗಿಂತ ಕಡಿಮೆ ಇದ್ದಲ್ಲಿ, 26 ವಾರಗಳ ಸಂಬಳಸಹಿತ ರಜೆ. ಇಬ್ಬರು ಅಥವಾ ಹೆಚ್ಚು ಮಕ್ಕಳಿದ್ದರೆ 12 ವಾರ. ಇ.ಎಸ್.ಐ. ಯೋಜನೆಗೆ ಸೇರಿದವರಿಗೆ ಅದರ ನಿಯಮಗಳಂತೆ ಆ ನಿಗಮದಿಂದಲೇ ಹಣ ಸಲ್ಲುತ್ತದೆ.

ಆ) ಗರ್ಭಪಾತವಾದರೆ 6 ವಾರಗಳ ರಜೆ; ಸ್ತ್ರೀಯು ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸಿಕೊಂಡರೆ 2 ವಾರಗಳ ಸಂಬಳಸಹಿತ ರಜೆ. ಇ.ಎಸ್.ಐ.ನಲ್ಲಿ ಪುರುಷರ ಶಸ್ತ್ರಚಿಕಿತ್ಸೆಗೂ 7 ದಿನಗಳ ಪೂರ್ಣ ವೇತನದ ಸೌಲಭ್ಯವಿದೆ. ಪುರುಷರ ಶಸ್ತ್ರಚಿಕಿತ್ಸೆ ಸ್ತ್ರೀಯರದಕ್ಕಿಂತ ಸರಳವಾದುದೆಂಬುದನ್ನು ಗಂಡಂದಿರು ಮನಗಾಣಬೇಕು.

ಇ) ಹೆರಿಗೆ ಸಮೀಪಿಸಿದಾಗ ದೀರ್ಘಕಾಲ ನಿಂತು ಮಾಡುವ ಕೆಲಸವನ್ನೂ ಶ್ರಮದ ಕೆಲಸವನ್ನೂ ಗರ್ಭಿಣಿಯಿಂದ ಮಾಡಿಸಕೂಡದು. ಆದರೆ ಕಾನೂನಿನ ಪ್ರಕಾರ ಇದು ಅವಳು ಕೋರಿದಾಗ ದೊರೆಯುವ ರಕ್ಷಣೆ. ಕೋರಿಕೆಯ ಮಾತು ಬಾಯಿಂದ ಹೊರಡದೆ ಈ ರಕ್ಷಣೆ ಆರಂಭವಾಗುವುದಿಲ್ಲ.

ಈ) ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು.

ಉ) ಈ ಸೌಲಭ್ಯಗಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪ್ರತಿಯೊಬ್ಬ ಮಹಿಳೆಗೂ ಬರೆಹದಲ್ಲಿ ತಿಳಿಸುವುದು ಮಾಲೀಕರ ಕರ್ತವ್ಯ. ತಿಳಿಸದಿದ್ದಲ್ಲಿ ಕೇಳಿ ಪಡೆಯಬೇಕು.

ಕಟ್ಟಡ ಕಾರ್ಮಿಕರು ರಾಜ್ಯದ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳತಕ್ಕದ್ದು. ನೋಂದಾಯಿತ ಮಹಿಳೆಯರಿಗೆ ಹೆರಿಗೆಯ ಸಹಾಯಧನವುಂಟು.

ಮಾನಭಂಗಕರವಾದ ಮಾತು, ಸ್ಪರ್ಶ, ಬೇಡಿಕೆಗಳ ವಿರುದ್ಧ 2013ರ ಕಾಯಿದೆ ರಕ್ಷಣೆ ನೀಡುತ್ತದೆ. 10 ಅಥವಾ ಹೆಚ್ಚು ಮಂದಿ ದುಡಿಯುವ ಸ್ಥಳದಲ್ಲಿ ಆಂತರಿಕ ಸಮಿತಿ ಇರತಕ್ಕದ್ದು. ಅದಕ್ಕಿಂತ ಚಿಕ್ಕ ಸ್ಥಳಗಳವರಿಗೂ ಮನೆಗೆಲಸದವರಿಗೂ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಸಾಮಾನ್ಯವಾಗಿ 3 ತಿಂಗಳೊಳಗೆ ದೂರು ನೀಡಬೇಕು. ಬರೆಯಲು ಬಾರದವರ ದೂರನ್ನು ಬರೆಹಕ್ಕೆ ಇಳಿಸಲು ನೆರವಾಗುವುದು ಸಮಿತಿಯ ಕರ್ತವ್ಯವೆಂದು ಕಾಯಿದೆಯೇ ಹೇಳುತ್ತದೆ. ಆದುದರಿಂದ ಅಕ್ಷರ ಬಾರದೆಂಬ ಕಾರಣಕ್ಕೆ ಯಾರೂ ಸುಮ್ಮನಿರಬೇಕಾಗಿಲ್ಲ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ನಿವಾರಣೆಯ ಐದು ಉಪಾಯಗಳು

1. ಪೂರ್ತಿಯಾಗಿ ಹೇಳುವುದು. ಹೇಳುವ ಮಾತಿನಲ್ಲಿ ಮೂರು ಅಂಶಗಳಿರಲಿ: ಸ್ಥಿತಿ ಏನು, ಬೇಕಾದುದೇನು, ಯಾವಾಗಿನಿಂದ ಯಾವಾಗಿನವರೆಗೆ. "ಸ್ವಲ್ಪ ಹುಷಾರಿಲ್ಲ ಸರ್" ಎನ್ನುವುದಕ್ಕೆ ಬದಲಾಗಿ, "ಸರ್, ನನಗೆ ಈಗ ಆರು ತಿಂಗಳು. 9ನೇ ತಾರೀಖು ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇದೆ. ಅಂದು ಮಧ್ಯಾಹ್ನದವರೆಗೆ ರಜೆ ಬೇಕು. ತಾಯಿ ಕಾರ್ಡು ತಂದಿದ್ದೇನೆ, ನೋಡಿ" ಎನ್ನಬೇಕು. ಇಲ್ಲಿ ಸಂಕೋಚಕ್ಕೆ ಎಡೆಯಿಲ್ಲ, ಸಂಶಯಕ್ಕೂ ಎಡೆಯಿಲ್ಲ.

2. ಕೇಳಿದ್ದನ್ನು ಹಿಂದಿರುಗಿ ಹೇಳುವುದು. ಮೇಸ್ತ್ರಿಯು ಗಾರೆಗೆ ಒಂದಕ್ಕೆ ನಾಲ್ಕು ಎಂದರೆ, "ಒಂದು ಬಾಣಲೆ ಸಿಮೆಂಟಿಗೆ ನಾಲ್ಕು ಬಾಣಲೆ ಮರಳು, ಅಲ್ಲವೇ ಅಣ್ಣ?" ಎಂದು ಕೇಳಬೇಕು. ತಪ್ಪಿದ್ದರೆ ಆ ಕ್ಷಣದಲ್ಲಿಯೇ ತಿಳಿಯುತ್ತದೆ. ವೈದ್ಯರು, ಆರೋಗ್ಯ ಸಹಾಯಕಿಯರು, ಆಶಾ ಕಾರ್ಯಕರ್ತೆಯರು ಹೇಳಿದುದನ್ನೂ ಹೀಗೆಯೇ ಹಿಂದಿರುಗಿ ಹೇಳಬೇಕು.

3. ತಕ್ಕ ಹೊತ್ತು ಮತ್ತು ಸ್ಥಳ. ಟಾರ್ಗೆಟ್ ಎಣಿಸುವ ಗಂಟೆಯಲ್ಲಿ, ಯಂತ್ರಗಳ ಸದ್ದಿನಲ್ಲಿ ಸ್ವಂತ ವಿಷಯ ಎತ್ತಬಾರದು. ಕೆಲಸ ಆರಂಭವಾಗುವ ಮುನ್ನ ಅಥವಾ ಊಟದ ಬಿಡುವಿನಲ್ಲಿ ಹೇಳುವುದು ಲೇಸು. ಅಪಾಯದ ಲಕ್ಷಣಗಳಿಗೆ ಮಾತ್ರ ಈ ನಿಯಮವಿಲ್ಲ.

4. ಜೊತೆಗಾರರ ನೆರವು. ಒಬ್ಬಳೇ ಹೇಳಲು ಅಂಜಿಕೆಯಾದರೆ ಅನುಭವಸ್ಥಳಾದ ಹಿರಿಯ ಕೆಲಸಗಾರ್ತಿಯನ್ನೋ ಭಾಷೆ ಬಲ್ಲ ಗೆಳತಿಯನ್ನೋ ಜೊತೆಗೆ ಕರೆದೊಯ್ಯಬೇಕು. ಇಬ್ಬರು ಕೇಳಿದ ಮಾತು ಮರೆತುಹೋಗುವುದಿಲ್ಲ, ತಿರುಚಿಹೋಗುವುದೂ ಇಲ್ಲ.

5. ಬರೆಹದಲ್ಲಿ ಇಡುವುದು. ರಜೆಯ ಅರ್ಜಿಯನ್ನು ಎರಡು ಪ್ರತಿ ಬರೆಸಿ, ಒಂದರ ಮೇಲೆ ತಾರೀಖು ಸಹಿತ ಸಹಿ ಪಡೆದು ಮನೆಯಲ್ಲಿ ಇಟ್ಟುಕೊಳ್ಳಬೇಕು. ಯಾವ ಕಾಗದವನ್ನೂ ಓದಿಸಿ ಕೇಳದೆ ಸಹಿ ಮಾಡಬಾರದು. ಕೇಳಿದ ಸುದ್ದಿಯನ್ನು ಇತರರಿಗೆ ಹೇಳುವ ಮುನ್ನ ತಿಳಿದವರಲ್ಲಿ ವಿಚಾರಿಸಬೇಕು.

ಅಭ್ಯಾಸ ಆರಂಭವಾಗಬೇಕಾದುದು ಮನೆಯಲ್ಲಿ

ಮನೆಯಲ್ಲಿ ಗಂಡನ ಮುಂದೆ ಬಾಯಿಬಿಡಲಾರದ ಹೆಂಡತಿ ಕಾರ್ಖಾನೆಯಲ್ಲಿ ಮೇಲಧಿಕಾರಿಯ ಮುಂದೆ ಮಾತನಾಡುವಳೆಂದು ನಿರೀಕ್ಷಿಸುವುದು ಹೇಗೆ? ಮೇಸ್ತ್ರಿಯಿಂದ ಬೈಸಿಕೊಂಡು ಬಂದ ಗಂಡನು ಆ ಕೋಪವನ್ನು ಮಡದಿಯ ಮೇಲೆ ತೀರಿಸಿಕೊಳ್ಳುವುದೂ ಮಾತಿನ ಅಡಚಣೆಯೇ. ಅಲ್ಲಿ ಆಡಬೇಕಾಗಿದ್ದ ಮಾತು ದಾರಿ ತಪ್ಪಿ ಇಲ್ಲಿಗೆ ಬಂದಿರುತ್ತದೆ. ಆದುದರಿಂದ ರಾತ್ರಿ ಊಟವಾದ ಬಳಿಕ ಸ್ವಲ್ಪ ಹೊತ್ತು, ಟಿ.ವಿ. ಮತ್ತು ಮೊಬೈಲ್‌ಗಳನ್ನು ಬದಿಗಿರಿಸಿ, ಒಬ್ಬರ ದಿನವನ್ನು ಇನ್ನೊಬ್ಬರು ಕೇಳುವ ಪದ್ಧತಿಯನ್ನು ದಂಪತಿಗಳು ರೂಢಿಸಿಕೊಳ್ಳಬೇಕು. ಉದಾಹರಣೆಗೆ, ಸಂಭಾಷಣೆಯು ಹೀಗೆ ಸಾಗಬಹುದು:

ಹೆಂಡತಿ: "ರೀ, ನಿಂತುಕೊಂಡು ಚೆಕಿಂಗ್ ಮಾಡಿ ಕಾಲು ಊದಿಕೊಂಡಿವೆ. ಕೂತು ಮಾಡುವ ಕೆಲಸ ಕೊಡಿ ಅಂತ ಕೇಳಬೇಕು. ಬಾಯೇ ಬರುವುದಿಲ್ಲ."

ಗಂಡ: "ನಾನೇ ನಿನ್ನ ಸೂಪರ್‌ವೈಸರ್ ಅಂತ ತಿಳಿದುಕೋ. ಈಗ ನನಗೇ ಹೇಳು, ನೋಡೋಣ."

ಹೆಂಡತಿ: "ಸರ್, ನನಗೆ ಎಂಟನೇ ತಿಂಗಳು. ಕಾಲು ಊದುತ್ತಿವೆ. ರಜೆ ಹಾಕುವವರೆಗೆ ಕೂತು ಮಾಡುವ ಕೆಲಸ ಕೊಡಿ."

ಗಂಡ: "ಇವತ್ತು ಆಗುವುದಿಲ್ಲಮ್ಮ ಅಂದರೆ?"

ಹೆಂಡತಿ: "ಯಾವತ್ತಿನಿಂದ ಆಗುತ್ತದೆ ಸರ್, ಅಂತ ಕೇಳುತ್ತೇನೆ."

ಗಂಡ: "ಸರಿಯಾಗಿ ಹೇಳಿದೆ. ಮುಖ, ಕೈ ಏನಾದರೂ ಊದಿವೆಯೇ? ನಾಳೆ ಸಿಸ್ಟರ್ ಹತ್ತಿರ ಬಿ.ಪಿ. ನೋಡಿಸೋಣ, ನಾನೂ ಬರುತ್ತೇನೆ."

ಇಲ್ಲಿ ಗಂಡನು ತಾನೇ ಹೋಗಿ ಜಗಳವಾಡಲಿಲ್ಲ, "ಕೆಲಸ ಬಿಟ್ಟುಬಿಡು" ಎನ್ನಲೂ ಇಲ್ಲ. ಅವಳ ಮಾತನ್ನು ಪೂರ್ತಿ ಕೇಳಿ, ಅವಳೇ ಹೇಳುವಂತೆ ಧೈರ್ಯ ನೀಡಿದನು. "ಆಗುವುದಿಲ್ಲ" ಎಂಬ ಉತ್ತರಕ್ಕೆ ಸುಮ್ಮನೆ ಹಿಂದಿರುಗದೆ "ಯಾವತ್ತಿನಿಂದ?" ಎಂದು ಕೇಳುವ ರೀತಿಯನ್ನು ಅವಳು ಮನೆಯಲ್ಲಿಯೇ ಕಲಿತಳು. ಮುಂದಿನ ಮಗು ಯಾವಾಗ, ಯಾವ ವಿಧಾನವನ್ನು ಅನುಸರಿಸುವುದು, ಶಸ್ತ್ರಚಿಕಿತ್ಸೆ ಯಾರಿಗೆ ಎಂಬ ವಿಷಯಗಳನ್ನೂ ಇದೇ ರೀತಿ ಇಬ್ಬರೂ ಬಾಯಿಬಿಟ್ಟು ಮಾತನಾಡಿ ತೀರ್ಮಾನಿಸಬೇಕು. ಅಲ್ಲಿಯೂ ಒಬ್ಬರ ಮೌನವನ್ನು ಸಮ್ಮತಿಯೆಂದು ತಿಳಿಯಕೂಡದು.

ಕೆಲಸ ಮಾಡಿಸುವವರಿಗೆ ಒಂದು ಮಾತು

ಓದುಗರಲ್ಲಿ ಕೆಲವರು ಮೇಸ್ತ್ರಿಗಳಾಗಿರಬಹುದು. ನಾಟಿಗೆ, ಕಳೆಗೆ, ರೇಷ್ಮೆ ಹುಳುವಿನ ಮನೆಗೆ ಆಳುಗಳನ್ನು ಕರೆಯುವ ರೈತರಾಗಿರಬಹುದು. ಅಂಥವರೂ ಯೋಚಿಸಬೇಕು. "ತಿಳಿಯಿತೇ?" ಎಂದು ಕೇಳಿದರೆ ಎಲ್ಲರೂ "ತಿಳಿಯಿತು" ಎನ್ನುತ್ತಾರೆ. "ಹೇಗೆ ಮಾಡುತ್ತೀಯಮ್ಮ, ಒಮ್ಮೆ ಹೇಳು" ಎಂದು ಕೇಳಿದರೆ ನಿಜಸ್ಥಿತಿ ತಿಳಿಯುತ್ತದೆ. ಕಷ್ಟ ಹೇಳಿಕೊಂಡವರನ್ನು ಎಲ್ಲರೆದುರು ಗದರಿಸಿದರೆ ಮರುದಿನದಿಂದ ಯಾರೂ ಏನನ್ನೂ ಹೇಳುವುದಿಲ್ಲ. ಸಾರುವೆಯ ಹಗ್ಗ ಸಡಿಲವಾಗಿದೆ ಎಂಬುದನ್ನೂ ಹೇಳುವುದಿಲ್ಲ.

ನೆನಪಿನಲ್ಲಿಡಿ

ಮೌನ ಸಮ್ಮತಿಯಲ್ಲ.
ಅರ್ಧ ಹೇಳಿದ ಮಾತು ಹೇಳದ ಮಾತಿಗೆ ಸಮ.
ಕೇಳಿದ್ದನ್ನು ಹಿಂದಿರುಗಿ ಹೇಳಿ, ಒಪ್ಪಿದ್ದನ್ನು ಬರೆಸಿಕೊಳ್ಳಿ.
ಆರೋಗ್ಯದ ವಿಷಯದಲ್ಲಿ ಸಂಕೋಚ ಬೇಡ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಒಂದು ವಾರದಲ್ಲಿ ಕೆಲಸದ ಸ್ಥಳದಲ್ಲಿ ನೀವು ಹೇಳಬೇಕೆಂದು ಹೇಳದೆ ಉಳಿದ ಮಾತು ಯಾವುದು? ಅದಕ್ಕೆ ಕಾರಣ ಮೇಲೆ ಹೇಳಿದ ಆರು ಅಡಚಣೆಗಳಲ್ಲಿ ಯಾವುದು?

2. ಆ ಮಾತನ್ನು ಸ್ಥಿತಿ, ಬೇಡಿಕೆ, ಅವಧಿ ಈ ಮೂರು ಅಂಶಗಳಿರುವಂತೆ ನಿಮ್ಮ ಪತಿಗೆ ಅಥವಾ ಪತ್ನಿಗೆ ಹೇಳಿ ತೋರಿಸಿ.

3. ನಿಮ್ಮ ಊರಿನಿಂದ ದುಡಿಮೆಗೆ ಹೋಗುವ ಗರ್ಭಿಣಿಯರು ಯಾರಾದರೂ ಇದ್ದಾರೆಯೇ? ಅವರ ತಾಯಿ ಕಾರ್ಡು ಮಾಡಿಸಲಾಗಿದೆಯೇ? ಕೋರಿ ಪಡೆಯಬೇಕಾದ ಸೌಲಭ್ಯಗಳನ್ನು ಅವರಿಗೆ ತಿಳಿಸುವವರು ಯಾರು?